ಟೆಂಟಿನ ಅರಸರು

ಕವಲೇದುರ್ಗದ ಎರಡನೇ ಬಾಗಿಲಲ್ಲಿ ಬೆಂಗಳೂರಿನ ಹುಡುಗ ಟೆಂಟಿನ ಚೀಲ ಇಳಿಸಿದ.

"ಗೌಡ್ರೇ, ರಾತ್ರಿ ಇಲ್ಲೇ. ಅರಮನೆ ಹತ್ರ ಕ್ಯಾಂಪ್‌ಫೈರ್."

"ಎಂತ ಮಾರಾಯ್ರೆ! ಕತ್ತಲಾದ ಮೇಲೆ ಕೋಟೇಲಿ ಇರೋ ಹಂಗಿಲ್ಲ."

"1689ರಲ್ಲಿ ಕೆಳದಿ ಚೆನ್ನಮ್ಮ ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಡಲಿಲ್ವಾ?"

"ಅವನ ಬೆನ್ನಿಗೆ ಔರಂಗಜೇಬನ ಸೈನ್ಯ ಇತ್ತು. ನಿಮ್ಮ ಬೆನ್ನಿಗೆ ಎಂತದು, ಸ್ಪೀಕರಾ?"

"ಕಲ್ಲಿನ ಒಲೆ ಇದೆಯಂತಲ್ಲ, ಮ್ಯಾಗಿ ಮಾಡ್ಕೋತೀವಿ."

"ಅರಸರ ಒಲೇಲಿ ಮ್ಯಾಗಿ! ಪೊಟ್ಟಣ ಎಲ್ಲಿಗೆ?"

"ಮಣ್ಣಲ್ಲಿ ಕರಗುತ್ತೆ ಬಿಡಿ."

"ಇಲ್ಲಿ ಕರಗೋದು ನಿಮ್ಮ ರಕ್ತ ಒಂದೇ. ಕಾಲು ನೋಡ್ಕಳಿ."

ಸಾಕ್ಸಿನ ಮೇಲೆ ನಾಲ್ಕು ಇಂಬಳ. ಒಂದು ಆಗಲೇ ದ್ರಾಕ್ಷಿಯಷ್ಟು ಉಬ್ಬಿತ್ತು. ಗೌಡರು ಎಲೆಯಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದರು.

"ಗೌಡ್ರೇ... ಹೋಂಸ್ಟೇ ಎಷ್ಟು ದೂರ?"