ಹೆಂಗಸರಿಗೆ ಹೇಳಿದ್ದಲ್ಲ

ನಮ್ಮ ಪುತ್ತೂರು ಸೀಮೆಯಲ್ಲಿ ಇಂಥ ಮಾವ ಊರಿಗೊಬ್ಬರಾದರೂ ಇರುತ್ತಾರೆ. ನನ್ನ ಪಾಲಿಗೆ ಬಂದವರು ಅಮ್ಮನ ಅಣ್ಣ. ಎರಡೆಕರೆ ಅಡಿಕೆ ತೋಟ, ಹೆಗಲ ಮೇಲೆ ಬೈರಾಸು, ಎಲೆಯಡಿಕೆ ತುಂಬಿದ ಬಾಯಲ್ಲಿ ಸದಾ ಸಿದ್ಧವಿರುವ ತೀರ್ಪು: "ಅದು ಹೆಂಗಸರಿಗೆ ಹೇಳಿದ್ದಲ್ಲ." ಇದಕ್ಕೊಂದು ಜೋಡಿಯೂ ಉಂಟು: "ಅದು ಗಂಡಸರಿಗೆ ಹೇಳಿದ್ದಲ್ಲ." ವಾಲಿಬಾಲ್ ಈಚೆಗೆ, ಮಲ್ಲಿಗೆ ಕಟ್ಟುವುದು ಆಚೆಗೆ. ಲೋಕದ ಹವ್ಯಾಸಗಳೆಲ್ಲ ಹೀಗೆ ಎರಡು ರಾಶಿಯಾಗಿ ಬಿದ್ದಿವೆ.

ಅಡುಗೆ ಗಂಡಸರಿಗೆ ಹೇಳಿದ್ದಲ್ಲ. ಮನೆಯಲ್ಲಿ ಮಾವ ಒಂದು ಬೆಂಡೆಕಾಯಿ ಕೊರೆದವರಲ್ಲ. ನೀರಿನ ಚೆಂಬೂ ಅತ್ತೆಯೇ ತಂದಿಡಬೇಕು. ಆದರೆ ದೇವಸ್ಥಾನದಲ್ಲಿ ಬ್ರಹ್ಮಕಲಶ ಬರಲಿ, ಹಿಂದಿನ ರಾತ್ರಿಯೇ ಮೆಟ್ಟುಕತ್ತಿಯ ಮೇಲೆ ಕೂತು ಮೂಟೆಗಟ್ಟಲೆ ಸೌತೆ, ಕುಂಬಳ ಕೊರೆದು ಗುಡ್ಡೆ ಹಾಕುತ್ತಾರೆ. ಬೆಳಗ್ಗೆ ಕೊಪ್ಪರಿಗೆಯ ಸಾಂಬಾರಿಗೆ ಉಪ್ಪು ಎಷ್ಟೆಂದು ತೀರ್ಮಾನಿಸುವವರೂ ಅವರೇ. ನಾಲ್ಕು ಜನರಿಗೆ ಬೇಯಿಸಿದರೆ ಹೆಂಗಸರ ಕೆಲಸ, ನಾಲ್ಕು ಸಾವಿರಕ್ಕಾದರೆ ಗಂಡಸರ ವಿದ್ಯೆ! ರಂಗೋಲಿಗೂ ಇದೇ ಅಳತೆ. ಅಂಗಳದ ಎಳೆ ಅತ್ತೆಯದ್ದು. ನಾಗಮಂಡಲದ ದೊಡ್ಡ ಮಂಡಲವನ್ನು ಐದು ಬಣ್ಣಗಳಲ್ಲಿ ಬರೆಯುವವರು ಗಂಡಸರು. ಅದರ ಸುತ್ತ ನಾಗಕನ್ನಿಕೆಯಾಗಿ ಕುಣಿಯುವವರೂ ಗಂಡಸರೇ.

ಮಾವನ ಪ್ರಾಣ ಆಟ. (ಘಟ್ಟದ ಮೇಲಿನವರಿಗೊಂದು ಮಾತು: ನಮ್ಮಲ್ಲಿ ಆಟವೆಂದರೆ ಯಕ್ಷಗಾನ.) ಮೈಕಿನಲ್ಲಿ ಯಾರಾದರೂ 'ಗಂಡುಕಲೆ' ಎಂದರೆ ಸಾಕು, ಕೂತಲ್ಲೇ ಎದೆ ಸೆಟೆಯುತ್ತದೆ. ಈ ಗಂಡುಕಲೆಯಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೀರೆ ಉಟ್ಟ ಪಾತ್ರ. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ನೆನೆದರೆ ಈಗಲೂ ಬೈರಾಸು ಕಣ್ಣಿಗೆ ಹೋಗುತ್ತದೆ. ಒಮ್ಮೆ ನಾನು ವೃತ್ತಿಮೇಳದ ಮೊದಲ ಮಹಿಳಾ ಭಾಗವತರು ಎನಿಸಿಕೊಂಡ ಲೀಲಾವತಿ ಬೈಪಾಡಿತ್ತಾಯರ ಹೆಸರೆತ್ತಿದೆ. "ಅವರು ಭಾಗವತರು ಮಾರಾಯ! ಹೆಂಗಸರ ಲೆಕ್ಕಕ್ಕೆ ಯಾಕೆ ಹಾಕ್ತೀ?" ಎಂದು ನನ್ನನ್ನೇ ಗದರಿದರು.

ಫಜೀತಿ ಬಂದದ್ದು ಮೊಮ್ಮಗಳಿಂದ. "ಅಜ್ಜ, ನಮ್ಮ ಕಾಲೇಜಿನಲ್ಲಿ ಹುಡುಗಿಯರದ್ದೇ ದೇವಿಮಹಾತ್ಮೆ ಉಂಟು. ನಾನು ಮಹಿಷಾಸುರ."

ಮಾವ ಅಗಿಯುವುದನ್ನೇ ನಿಲ್ಲಿಸಿದರು. "ಬಣ್ಣದ ವೇಷ ಅಂದರೆ ಎಂತ ಅಂತ ಗೊತ್ತುಂಟಾ ನಿನಗೆ? ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು ಮುಗಿಯಲಿಕ್ಕೇ ಎಷ್ಟು ಗಂಟೆ ಬೇಕು! ಅದೆಲ್ಲ ಹೆಂಗಸರಿಗೆ ಹೇಳಿದ್ದಲ್ಲ. ನಾನು ಬರುವುದೂ ಇಲ್ಲ."

ಬರುವುದಿಲ್ಲ ಎಂದವರು ಎಲ್ಲರಿಗಿಂತ ಮೊದಲು ಹೋಗಿ ಎದುರಿನ ಕುರ್ಚಿ ಹಿಡಿದಿದ್ದರು. ವೇಷ ಕಟ್ಟುವ ಚೌಕಿಗೆ ಎರಡು ಸಲ ಹೊಕ್ಕು ಚಿಟ್ಟಿ ಸರಿಯುಂಟಾ ಎಂದು ನೋಡಿ ಬಂದರು. ಚೆಂಡೆ ಏರಿತು. ಸಭೆಯ ಹಿಂದಿನಿಂದ ದೊಂದಿಯ ಬೆಂಕಿಯ ನಡುವೆ ಕೋಡು ಅಲುಗಿಸುತ್ತ ಮಹಿಷಾಸುರ ಅಬ್ಬರಿಸಿ ಬಂದಾಗ ಸಣ್ಣ ಮಕ್ಕಳು ತಾಯಂದಿರ ಸೆರಗಿನೊಳಗೆ ಸೇರಿಕೊಂಡವು. ಮಾವ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು.

ಮರುದಿನ ಅಂಗಡಿ ಜಗಲಿಯಲ್ಲಿ ವಿಮರ್ಶೆ.

"ಮಹಿಷಾಸುರ ಅಡ್ಡಿ ಇಲ್ಲ. ಆ ಬೊಬ್ಬೆ ನಮ್ಮ ಮನೆತನದ್ದೇ" ಎಂದರು ಮಾವ. ಎಲೆಯ ಬೆನ್ನಿಗೆ ನಿಧಾನವಾಗಿ ಸುಣ್ಣ ಸವರಿದರು. "ದೇವಿ ಮಾತ್ರ ಸಪ್ಪೆ. ದೇವಿಗೆ ಗಂಡಸರೇ ಆಗಬೇಕು ಮಾರಾಯ. ಅದು ಹೆಂಗಸರಿಗೆ ಹೇಳಿದ್ದಲ್ಲ."