ವರ್ಷದ ಲೆಕ್ಕ ಬಿಡಿ, ದಿನದ ಲೆಕ್ಕ ಹಿಡಿಯಿರಿ

ನಮ್ಮ ಶಿರಿಯದಲ್ಲಿ ಬೇಲಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತರೆ ಮಳೆ, ಮೀನು, ಅಡಿಕೆಯ ರೇಟು ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: “ಸೊಸೆಗೆ ವಿಶೇಷ ಎಂತಾದರೂ ಉಂಟಾ?” ಇಲ್ಲವೆಂದರೆ ಮುಂದಿನ ಮಾತು ತಯಾರಿರುತ್ತದೆ: “ಮದುವೆಯಾಗಿ ಮೂರು ವರ್ಷ ಆಯ್ತಲ್ಲ ಮಾರಾಯ್ತಿ!” ಈ ಮೂರು ವರ್ಷದ ಬಗ್ಗೆಯೇ ನನಗೆ ನಾಲ್ಕು ಮಾತು ಹೇಳಲಿಕ್ಕುಂಟು. ಆ ಲೆಕ್ಕವೇ ಸರಿಯಿಲ್ಲ.

ಹುಡುಗ ಗಲ್ಫಿನಲ್ಲಿ. ಮದುವೆಯ ರಜೆ ಮುಗಿದ ಕೂಡಲೇ ವಿಮಾನ ಹತ್ತಿದವನು ಆಮೇಲೆ ವರ್ಷಕ್ಕೊಮ್ಮೆ ಒಂದು ತಿಂಗಳಿಗೆ ಬಂದು ಹೋಗುತ್ತಾನೆ. ಉಪ್ಪಳದಿಂದ ಕುಂಬಳೆಯವರೆಗೆ ಇಂಥ ಮನೆಗಳು ಎಷ್ಟಿಲ್ಲ? ಹಾಗಾದರೆ ಮೂರು ವರ್ಷದಲ್ಲಿ ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದದ್ದು ನಾಲ್ಕು ತಿಂಗಳು. ಹೆಣ್ಣಿನ ದೇಹದಲ್ಲಿ ಅಂಡ ಹೊರಬರುವುದು ತಿಂಗಳಿಗೆ ಒಮ್ಮೆ. ಅದಕ್ಕೆ ಆಯುಷ್ಯ 12ರಿಂದ 24 ಗಂಟೆ. ಗಂಡಿನ ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕೀತು. ಆದ್ದರಿಂದ ಗರ್ಭ ನಿಲ್ಲುವುದಕ್ಕೆ ಸಿಗುವುದು ತಿಂಗಳಲ್ಲಿ ಆರು ದಿನ: ಅಂಡ ಬಿಡುವ ದಿನ ಮತ್ತು ಅದಕ್ಕೆ ಮೊದಲಿನ ಐದು ದಿನ. ಎಲ್ಲವೂ ಸರಿ ಇರುವ ಎಳೆಯ ಜೋಡಿಗೂ ಒಂದು ತಿಂಗಳಲ್ಲಿ ನಿಲ್ಲುವ ಸಾಧ್ಯತೆ ನೂರಕ್ಕೆ 20–25 ಮಾತ್ರ. ರಜೆ ಇಪ್ಪತ್ತೇ ದಿನದ್ದಾದರೆ ಆ ಆರು ದಿನ ಪೂರ್ತಿ ತಪ್ಪಿಯೂ ಹೋಗಬಹುದು. ನೀವು ಮೂರು ವರ್ಷ ಎನ್ನುತ್ತೀರಿ. ಅವರಿಗೆ ಸಿಕ್ಕಿದ್ದು ಹೆಚ್ಚೆಂದರೆ ನಾಲ್ಕು ಅವಕಾಶ. ಅಷ್ಟಕ್ಕೇ ಆ ಹುಡುಗಿಯನ್ನು ಹರಕೆಗೂ ಕಷಾಯಕ್ಕೂ ಓಡಾಡಿಸುವುದು ನ್ಯಾಯವಾ ಹೇಳಿ.

ಆರು ದಿನ ಯಾವುದೆಂದು ತಿಳಿಯುವುದು ಹೇಗೆ? ಹದಿನಾಲ್ಕನೆಯ ದಿನ ಎಂದು ಎಲ್ಲರಿಗೂ ಬಾಯಿಪಾಠ. ಆದರೆ ಹದಿನಾಲ್ಕನ್ನು ಎಣಿಸಬೇಕಾದದ್ದು ಹಿಂದಿನಿಂದ. 1920ರ ದಶಕದಲ್ಲಿ ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ ಎಂಬ ಇಬ್ಬರು ಡಾಕ್ಟರರು ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು: ಅಂಡ ಬಿಡುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಇರುವಾಗ. 28 ದಿನಕ್ಕೆ ಮುಟ್ಟಾಗುವವಳಿಗೆ ಅದು 14ನೆಯ ದಿನ. 32 ದಿನದವಳಿಗೆ 18. 35 ದಿನದವಳಿಗೆ 21. ಮೂವತ್ತೈದು ದಿನದವಳು ಹದಿನಾಲ್ಕನ್ನೇ ನಂಬಿ ಕೂತರೆ ಅಂಡ ಬರುವ ಹೊತ್ತಿಗೆ ಗಂಡ ಏರ್‌ಪೋರ್ಟಿನಲ್ಲಿರುತ್ತಾನೆ.

ಎಣಿಕೆಯನ್ನೇ ನಂಬಿದ ಒಂದು ಕಥೆ ಕನ್ನಡ ನಾಡಿನಲ್ಲೇ ನಡೆದಿದೆ. 1952ರ ಸುಮಾರಿಗೆ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ನ್ಯೂಯಾರ್ಕಿನ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದರು. ದೆಹಲಿಯ ಲೋಧಿ ಕಾಲೊನಿಯಲ್ಲೂ ಮೈಸೂರು ಸೀಮೆಯ ರಾಮನಗರದಲ್ಲೂ ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ಬಸಿರಾಗುವ ದಿನ. ಆಗ ಬೇಕಾಗಿದ್ದದ್ದು ಮಕ್ಕಳಾಗದಂತೆ ತಡೆಯುವುದು. ಮಕ್ಕಳು ಬೇಕೆನ್ನುವವರಿಗೆ ಅದೇ ಕೆಂಪು ಮಣಿಯೇ ಬೇಕಾದದ್ದು. ಆದರೆ ಆ ಸರ ಹೆಚ್ಚು ಕಾಲ ನಡೆಯಲಿಲ್ಲ. ಮಣಿ ದಿನಕ್ಕೊಂದರಂತೆ ಸರಿಯುತ್ತದೆ. ಹೆಂಗಸಿನ ದೇಹ ಒಂದು ಜ್ವರಕ್ಕೆ, ಒಂದು ಚಿಂತೆಗೆ ವಾರಗಟ್ಟಲೆ ಹಿಂದೆ ಬೀಳುತ್ತದೆ. ಇವತ್ತಿನ ಮೊಬೈಲ್ ಆಪ್‌ಗಳಿಗೂ ಈ ಮಾತು ಸಲ್ಲುತ್ತದೆ. ನೀವು ಹಾಕಿದ ತಾರೀಖಿನಿಂದ ಅದು ಅಂದಾಜು ಮಾಡುತ್ತದೆ, ಅಷ್ಟೆ.

ನಿಜವಾದ ಸುದ್ದಿ ಕೊಡುವುದು ದೇಹವೇ. ಮುಟ್ಟು ನಿಂತು ಕೆಲವು ದಿನ ಒಣಗಿದ ಹಾಗಿರುತ್ತದೆ. ಆಮೇಲೆ ಸ್ವಲ್ಪ ಅಂಟಂಟಾಗಿ ಬಿಳಿ ಹೋಗುತ್ತದೆ. ಒಂದು ದಿನ ಅದು ತಿಳಿಯಾಗಿ, ಹಸಿ ಮೊಟ್ಟೆಯ ಬಿಳಿ ಲೋಳೆಯಂತೆ ಜಾರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದರೆ ಕಡಿಯದೆ ನೂಲಿನಂತೆ ನೀಳವಾಗುತ್ತದೆ. ಇದನ್ನು ಕಂಡು ರೋಗವೆಂದು ಹೆದರುವವರಿದ್ದಾರೆ. ವಾಸನೆ, ತುರಿಕೆ ಇಲ್ಲದಿದ್ದರೆ ಹೆದರಬೇಡಿ; ಇದೇ ಒಳ್ಳೆಯ ದಿನಗಳ ಗುರುತು. ಇನ್ನೂ ಖಾತ್ರಿ ಬೇಕಾದರೆ ಮೆಡಿಕಲಿನಲ್ಲಿ ಮೂತ್ರ ಪರೀಕ್ಷೆಯ ಪಟ್ಟಿ ಸಿಗುತ್ತದೆ. ಅದರಲ್ಲಿ ಎಲ್‌ಎಚ್ ಹಾರ್ಮೋನ್ ಏರಿದ್ದು ಕಂಡರೆ ಒಂದೂವರೆ ದಿನದೊಳಗೆ ಅಂಡ ಬರುವುದು ಸಾಮಾನ್ಯ. ಪಿಸಿಒಡಿ ಎಂಬ ಅಂಡಾಶಯದ ತೊಂದರೆ ಇದ್ದವರಿಗೆ ಮಾತ್ರ ಈ ಪಟ್ಟಿ ಸುಳ್ಳು ಹೇಳುವುದುಂಟು. ಬೆಳಿಗ್ಗೆ ಏಳುವ ಮೊದಲು ಜ್ವರಮಾಪಕ ಇಟ್ಟು ನೋಡುವ ಕ್ರಮವೂ ಇದೆ, ಆದರೆ ಕಾವು ಏರುವುದು ಅಂಡ ಬಂದ ಮೇಲೆ. ರಜೆಯಲ್ಲಿ ಬಂದವನಿಗೆ ಅದರಿಂದ ಪ್ರಯೋಜನ ಕಡಿಮೆ.

ಇದೆಲ್ಲ ಬೇಲಿ ಹತ್ತಿರ ಆಡುವ ಮಾತಾ ಎಂದು ಕೇಳುವವರಿಗೆ ನಾನು ಕೆಡ್ಡಸ ನೆನಪಿಸುತ್ತೇನೆ. ಮಕರ ತಿಂಗಳ ಕೊನೆಗೆ ಭೂಮಿತಾಯಿ ಹೊರಗಾದಳೆಂದು ನಾವು ಮೂರು ದಿನ ಮಣ್ಣಿಗೆ ಹಾರೆ ತಾಗಿಸುವುದಿಲ್ಲ. ಆಮೇಲೆ ಅಂಗಳದಲ್ಲಿ ಎಣ್ಣೆ, ಸೀಗೆ, ಅರಿಶಿನ, ಕನ್ನಡಿ ಇಟ್ಟು ಅವಳನ್ನು ಮೀಯಿಸುತ್ತೇವೆ. ಇನ್ನು ಅವಳು ಫಲಕ್ಕೆ ತಯಾರು ಎಂದು ನಂಬುತ್ತೇವೆ. ಭೂಮಿಯ ದಿನ ಇಡೀ ಊರಿಗೆ ಗೊತ್ತು. ಮನೆಯ ಹೆಣ್ಣು ತನ್ನ ದಿನವನ್ನು ಗಂಡನಿಗೆ ಹೇಳಲಿಕ್ಕೆ ಮಾತ್ರ ನಾಚಬೇಕು!

ಕೊನೆಗೊಂದು ಮುಖ್ಯ ಮಾತು. ಒಂದು ವರ್ಷ ಒಟ್ಟಿಗೇ ಇದ್ದೂ ಆಗದಿದ್ದರೆ, ಅವಳಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ, ಮಂಗಲ್ಪಾಡಿಯ ಆಸ್ಪತ್ರೆಗೋ ಮಂಗಳೂರಿಗೋ ಹೋಗಬೇಕು. ಹೋಗುವಾಗ ಇಬ್ಬರೂ ಹೋಗಬೇಕು. ಮುಟ್ಟು ತಿಂಗಳುಗಟ್ಟಲೆ ತಪ್ಪುವವಳು ಅಷ್ಟು ಕಾಯುವುದೂ ಬೇಡ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ, ಅವನ ಪರೀಕ್ಷೆಯೋ ತೀರಾ ಸುಲಭದ್ದು. ಎರಡು ದಿನದ ಊರಿನ ನೆಂಟಸ್ತಿಕೆ ಬಿಟ್ಟರೆ ಅದೇ ರಜೆಯಲ್ಲಿ ಮುಗಿಯುತ್ತದೆ.

ಇನ್ನು ಅತ್ತೆಯಂದಿರಲ್ಲಿ ನನ್ನ ಬೇಡಿಕೆ ಇಷ್ಟೇ. ಮಗ ಫೋನ್ ಮಾಡಿ ಯಾವ ತಾರೀಖಿಗೆ ಟಿಕೆಟ್ ತೆಗೆಯಲಿ ಎಂದು ಕೇಳಿದರೆ ನೇಮ, ಗೃಹಪ್ರವೇಶಗಳ ಪಟ್ಟಿ ಓದಬೇಡಿ. ಫೋನನ್ನು ಸೊಸೆಯ ಕೈಗೆ ಕೊಡಿ. ಅವಳು ಹೇಳಿದ ತಾರೀಖಿಗೆ ಅವನು ಬರಲಿ, ಯಾಕೆ ಅದೇ ತಾರೀಖು ಎಂದು ಯಾರೂ ಕೇಳುವುದು ಬೇಡ.