ಚೊಚ್ಚಲ ಕೃತಿಯ ಬಾಣಂತನ

"ರೀ, ಗ್ಯಾಸ್ ಬುಕ್ ಮಾಡಿದ್ರಾ?"

"ಬುಕ್ಕೇ ಮಾಡಿಸ್ತಿದೀನಿ ಕಣೇ! ನನ್ನ ಕಾದಂಬರಿಗೆ ಪ್ರಕಾಶಕರು ಒಪ್ಪಿದ್ರು."

"ದೇವರಂಥ ಮನುಷ್ಯರು. ಎಷ್ಟು ಕೊಡ್ತಾರಂತೆ?"

"ಕೊಡೋದು ನಾವು. ನಲವತ್ತು ಸಾವಿರ."

"ಮತ್ತೆ ಅವರು?"

"ತಗೋತಾರೆ."

"ಓದಿದ್ರಾ?"

"ಪುಟ ಎಣಿಸಿದ್ರು. ಗ್ರಂಥಾಲಯದ ಸಗಟು ಖರೀದಿಯಲ್ಲಿ ಪುಟದ ಲೆಕ್ಕದಲ್ಲೇ ಬೆಲೆಯಂತೆ. ಇನ್ನೆರಡು ಫಾರಂ, ಅಂದ್ರೆ 32 ಪುಟ ಬೆಳೆಸಿ ಅಂದ್ರು. ನಾಯಕಿಗೊಬ್ಬ ತಂಗೀನ ಹುಟ್ಟಿಸ್ತಿದೀನಿ."

"ಅವಳ ಮದುವೆ ಖರ್ಚೂ ನಮ್ದೇನಾ?"

(ಕಾದಂಬರಿಕಾರರು ಇದನ್ನು ಬರೆದುಕೊಂಡರು. ಅರ್ಧ ಪುಟ ಆಯ್ತು.)

"ಮುನ್ನುಡಿ ಬಂದಿದೆ, 'ಕನ್ನಡಕ್ಕೊಂದು ಹೊಸ ದನಿ' ಅಂತ. ನಾನು ಹಸ್ತಪ್ರತಿ ಕಳಿಸೋ ಮುಂಚೇನೇ ವಿಮರ್ಶಕರು ಬರೆದುಕೊಟ್ರು."

"ಪಾಪ, ಕಿವಿ ಚುರುಕು."

"ಹೂಂ."

"ಪುಸ್ತಕ ಪ್ರಾಧಿಕಾರದೋರು ಚೊಚ್ಚಲ ಕೃತಿಗೆ ದುಡ್ಡು ಕೊಡ್ತಾರಲ್ರೀ?"

"ಅದು ಯುವ ಬರಹಗಾರರಿಗೆ. ಬರೆಯೋಕೆ ಶುರು ಮಾಡ್ದಾಗ ನಾನೂ ಯುವಕನೇ. ನಡುವೆ ಮಗಳ ಫೀಸು, ಮನೆ ಸಾಲ, ನಿಮ್ಮಮ್ಮನ ಮಂಡಿ ಆಪರೇಷನ್ನು..."

"ಸರಿ, ಬಿಡುಗಡೆ?"

"ಭಾನುವಾರ. ನೂರು ಜನಕ್ಕೆ ಉಪ್ಪಿಟ್ಟು, ಕೇಸರಿಬಾತು. ಎಲ್ಲರಿಗೂ ಗೌರವ ಪ್ರತಿ."

"ಕೊಳ್ಳೋರು?"

"ಅವರೆಲ್ಲಾ ಕವಿಗಳು ಕಣೇ. ತಂತಮ್ಮ ಪುಸ್ತಕ ತಂದಿರ್ತಾರೆ. ನಾವೇ ಕೊಳ್ಳಬೇಕು."